ಟೋಪಿಯ ಪಿನ್ನಿನಿಂದ ಕಾರು ರಿಪೇರಿ ಮಾಡಿದ ಬರ್ತಾ ಬೆಂಜ್



ಕಳೆದ ಮಳೆಗಾಲದಲ್ಲಿ ಔರಾದ ತಾಲ್ಲೂಕಿನ ಚಿಂತಾಕಿಗೆ ಬಂದಿದ್ದೆ. ಶಾಲೆಯಿಂದ ಶಾಲೆಗೆ ಹೋಗಿ ವಿಜ್ಞಾನದ ಪ್ರಯೋಗಗಳನ್ನು ಮಾಡಿ ತೋರಿಸುವುದು ನನ್ನ ಕೆಲಸ. ಅಂದು ಬೀದರಿನಿಂದ ಪರಿಚಯದವರೊಬ್ಬರ ಹಳೆಯ ಅಂಬಾಸಿಡರ್ ಕಾರಿನಲ್ಲಿ ಸಾಮಾನು ತುಂಬಿಕೊಂಡು ಬಂದಿದ್ದೆವು. ಸಂಜೆ ಪ್ರಯೋಗಗಳು ಮುಗಿದವು, ಮಳೆಯೂ ನಿಂತಿತು. ಆದರೆ ಕಾರು ಮಾತ್ರ ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಸೆಲ್ಫ್ ಮೋಟಾರು ಗರಗರ ಎಂದು ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮಕ್ಕಳೆಲ್ಲ ಸುತ್ತ ನೆರೆದರು. ನಾಲ್ಕು ಜನ ದೊಡ್ಡ ಹುಡುಗರು ತಳ್ಳಿಯೂ ನೋಡಿದರು. ಕೊನೆಗೆ ಡ್ರೈವರ್ ಚಾಚಾ ಬಾನೆಟ್ ಎತ್ತಿದರು. ಎಂಜಿನ್ನಿನ ಪಕ್ಕದಲ್ಲಿದ್ದ ಕಪ್ಪು ಮುಚ್ಚಳವೊಂದನ್ನು ಬಿಚ್ಚಿ, ಅದರ ಒಳಭಾಗವನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಕೂಡಿಸಿದರು. ಈ ಸಲ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಗುಡುಗಿತು!

ಆಗ ಏಳನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಈಗ ಕಾರು ಕೆಟ್ಟರೆ ಮೆಕ್ಯಾನಿಕ್ ಸಿಗುತ್ತಾರೆ. ಆದರೆ ಜಗತ್ತಿನಲ್ಲಿ ಮೊದಲ ಕಾರು ದಾರಿಯಲ್ಲಿ ಕೆಟ್ಟು ನಿಂತಾಗ ಯಾರನ್ನು ಕರೆದಿರಬಹುದು ಎಂಬುದು ಅವಳ ಪ್ರಶ್ನೆ. ಆಗ ಕತ್ತಲಾಗುತ್ತಿತ್ತು. ಇದಕ್ಕೆ ಉತ್ತರ ಬರೆದು ಕಳಿಸುತ್ತೇನೆ ಎಂದು ಹೇಳಿ ಹೊರಟೆ. ಆ ಉತ್ತರವೇ ಈ ಲೇಖನ. ಯಾರನ್ನೂ ಕರೆಯಲಿಲ್ಲ ಮಕ್ಕಳೇ. ಕಾರು ಓಡಿಸುತ್ತಿದ್ದ ತಾಯಿಯೇ ಅದನ್ನು ರಿಪೇರಿ ಮಾಡಿದರು. ಅವರ ಹೆಸರು ಬರ್ತಾ ಬೆಂಜ್.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ನೈಋತ್ಯ ಭಾಗದ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ನಮ್ಮ ಬೀದರಿಗೆ ಬಿದರಿ ಕಲೆ ಹೇಗೋ ಹಾಗೆ ಆ ಊರಿಗೆ ಚಿನ್ನದ ಆಭರಣಗಳ ಕೆಲಸ. ತಂದೆ ಬಡಗಿ ಕೆಲಸದಿಂದ ಮೇಲೆ ಬಂದು, ಮನೆ ಕಟ್ಟಿಸುವ ಉದ್ಯೋಗದಲ್ಲಿ ಹಣ ಗಳಿಸಿದವರು. ಬರ್ತಾ ಹುಟ್ಟಿದ ದಿನ, ಈ ಸಲವೂ ಹೆಣ್ಣೇ ಆಯಿತಲ್ಲ ಎಂಬ ಬೇಸರದ ಮಾತನ್ನು ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಿದ್ದರಂತೆ. ಸ್ವಲ್ಪ ದೊಡ್ಡವಳಾದ ಮೇಲೆ ಹುಡುಗಿ ಆ ಸಾಲನ್ನು ಓದಿ ತುಂಬ ನೊಂದುಕೊಂಡಳು ಎಂದು ಅವರ ಜೀವನಚರಿತ್ರೆಗಳಲ್ಲಿ ಹೇಳುತ್ತಾರೆ. ಯಂತ್ರಗಳೆಂದರೆ ಅವಳಿಗೆ ಬಹಳ ಇಷ್ಟ. ಆದರೆ ಆ ಕಾಲದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ.

ಮುಂದೆ ಬರ್ತಾಗೆ ಕಾರ್ಲ್ ಬೆಂಜ್ ಎಂಬ ಯುವ ಎಂಜಿನಿಯರನ ಪರಿಚಯವಾಯಿತು. ಅವರ ತಂದೆ ರೈಲು ಎಂಜಿನ್ನಿನ ಚಾಲಕ. ಕಾರ್ಲ್ ಚಿಕ್ಕ ಮಗುವಾಗಿದ್ದಾಗಲೇ ತೀರಿಹೋಗಿದ್ದರು. ತಾಯಿ ಕಷ್ಟಪಟ್ಟು ಓದಿಸಿದ್ದರು. ಕುದುರೆಯಿಲ್ಲದೆ ಓಡುವ ಗಾಡಿಯನ್ನು ಮಾಡಬೇಕೆಂಬುದು ಕಾರ್ಲ್ ಅವರ ಕನಸು. 1871ರಲ್ಲಿ ಅವರು ಮಾನ್‌ಹೈಮ್ ನಗರದಲ್ಲಿ ಪಾಲುದಾರರೊಬ್ಬರ ಜೊತೆ ವರ್ಕ್‌ಶಾಪ್ ತೆರೆದರು. ಪಾಲುದಾರರೊಂದಿಗೆ ಹೊಂದಾಣಿಕೆಯಾಗಲಿಲ್ಲ. ಅವರ ಪಾಲನ್ನು ಕೊಂಡುಕೊಳ್ಳಲು ಕಾರ್ಲ್ ಬಳಿ ಹಣವಿರಲಿಲ್ಲ. ಆಗ ಬರ್ತಾ, ತಂದೆ ತನ್ನ ಮದುವೆಗೆಂದು ತೆಗೆದಿರಿಸಿದ್ದ ಹಣವನ್ನು ಮದುವೆಗೆ ಮುಂಚೆಯೇ ಕೇಳಿ ಪಡೆದು, ಆ ವರ್ಕ್‌ಶಾಪನ್ನು ಉಳಿಸಿದರು. ಇಬ್ಬರ ಮದುವೆ ನಡೆದದ್ದು 1872ರ ಜುಲೈನಲ್ಲಿ. ಅಂದಿನ ಅಲ್ಲಿನ ಕಾನೂನಿನಂತೆ ಮದುವೆಯಾದ ಮೇಲೆ ಹೆಂಡತಿಯ ಹಣದ ಮೇಲೆ ಗಂಡನದೇ ಅಧಿಕಾರ. ಹೀಗಾಗಿ ಹಣ ಹಾಕಿದ್ದು ಬರ್ತಾ ಆದರೂ ಕಾಗದಪತ್ರಗಳಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. ನನಗೆ ಈ ಮಾತು ಓದಿದಾಗಲೆಲ್ಲ ಬೇಸರವಾಗುತ್ತದೆ.

ನಂತರದ ವರ್ಷಗಳು ಬಹಳ ಕಷ್ಟದವು. ಮಕ್ಕಳು ಹುಟ್ಟಿದರು, ಸಾಲ ಬೆಳೆಯಿತು. ಸಾಲಕ್ಕಾಗಿ ವರ್ಕ್‌ಶಾಪಿನ ಉಪಕರಣಗಳು ಜಪ್ತಿಯಾದದ್ದೂ ಉಂಟು. 1879ರ ಡಿಸೆಂಬರ್ 31ರ ರಾತ್ರಿ ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿತ್ತು. ಊಟ ಮುಗಿಸಿದ ಗಂಡಹೆಂಡತಿ ವರ್ಕ್‌ಶಾಪಿಗೆ ಹೋಗಿ, ಎಷ್ಟು ಸಲ ಪ್ರಯತ್ನಿಸಿದರೂ ಓಡದಿದ್ದ ತಮ್ಮ ಎಂಜಿನ್ನನ್ನು ಮತ್ತೊಮ್ಮೆ ತಿರುಗಿಸಿದರು. ಅಂದು ಅದು ಓಡಿತು. ನಿಲ್ಲದೆ ಓಡಿತು.

ಆರು ವರ್ಷಗಳ ನಂತರ, 1886ರ ಜನವರಿ 29ರಂದು, ಎಂಜಿನ್ನಿನಿಂದ ಓಡುವ ಗಾಡಿಗೆ ಕಾರ್ಲ್ ಪೇಟೆಂಟ್ ಅರ್ಜಿ ಹಾಕಿದರು. ಆ ಗಾಡಿ ನೋಡಲು ಹೇಗಿತ್ತು? ನಮ್ಮ ಆಟೋರಿಕ್ಷಾದಂತೆ ಮೂರೇ ಗಾಲಿ. ಮೇಲೆ ಮಾಡು ಇಲ್ಲ. ತಿರುಗಿಸಲು ಸ್ಟಿಯರಿಂಗ್ ಚಕ್ರದ ಬದಲು ಒಂದು ಹಿಡಿಕೆ. ಸೀಟಿನ ಹಿಂದೆ ಒಂದೇ ಸಿಲಿಂಡರಿನ ಎಂಜಿನ್. ಅದರ ಶಕ್ತಿ ಒಂದು ಕುದುರೆಶಕ್ತಿಗಿಂತಲೂ ಕಡಿಮೆ. ವೇಗ ಹೆಚ್ಚೆಂದರೆ ಗಂಟೆಗೆ 16 ಕಿ.ಮೀ. ನೀವು ಜೋರಾಗಿ ಸೈಕಲ್ ತುಳಿದರೆ ಅದನ್ನು ಹಿಂದೆ ಹಾಕಬಹುದು!

ಗಾಡಿ ತಯಾರಾಯಿತು, ಕೊಳ್ಳುವವರು ಬರಲಿಲ್ಲ. ಜನ ನೋಡಿ ನಕ್ಕರು, ಕೆಲವರು ಹೆದರಿದರು. ಇದು ನಾಲ್ಕು ಬೀದಿ ಸುತ್ತುವ ಆಟಿಕೆ, ದೂರದ ಊರಿಗೆ ಹೋಗಲಾರದು ಎಂದೇ ಎಲ್ಲರ ಅಭಿಪ್ರಾಯ. ಕಾರ್ಲ್ ಒಳ್ಳೆಯ ಎಂಜಿನಿಯರ್, ಆದರೆ ಸಂಕೋಚದ ಮನುಷ್ಯ. ಇನ್ನೂ ಸುಧಾರಿಸಬೇಕು, ಇನ್ನೂ ಸುಧಾರಿಸಬೇಕು ಎನ್ನುತ್ತ ಗಾಡಿಯನ್ನು ವರ್ಕ್‌ಶಾಪಿನಲ್ಲೇ ಇಟ್ಟುಕೊಂಡಿದ್ದರು. ಬರ್ತಾ ಹಾಕಿದ ಹಣ, ಹದಿನೇಳು ವರ್ಷಗಳ ದುಡಿಮೆ ಎಲ್ಲವೂ ಅದರೊಂದಿಗೆ ಅಲ್ಲೇ ನಿಂತುಬಿಡುವಂತಿತ್ತು.

ಆಗ ಬರ್ತಾ ಒಂದು ನಿರ್ಧಾರ ಮಾಡಿದರು. 1888ರ ಆಗಸ್ಟ್ ತಿಂಗಳು, ಶಾಲೆಗೆ ರಜೆ. ಒಂದು ದಿನ ಬೆಳಗಿನ ಜಾವ, ಕಾರ್ಲ್ ಇನ್ನೂ ಮಲಗಿದ್ದಾಗ, ಅವರಿಗೆ ಗಾಡಿಯ ವಿಷಯ ತಿಳಿಸದೆ 15 ವರ್ಷದ ಓಯ್ಗೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಗಾಡಿಯಲ್ಲಿ ತವರಿಗೆ ಹೊರಟೇಬಿಟ್ಟರು. ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬೀದರಿನಿಂದ ಕಲಬುರಗಿಗೆ ಹೋದಷ್ಟು ದೂರ ಎಂದು ತಿಳಿಯಿರಿ. ರಸ್ತೆಗಳೆಲ್ಲ ಕುದುರೆ ಗಾಡಿಗಳಿಗೆ ಮಾಡಿದವು. ಪೆಟ್ರೋಲ್ ಬಂಕ್ ಎಂಬುದು ಜಗತ್ತಿನಲ್ಲಿಯೇ ಇರಲಿಲ್ಲ. ಅಷ್ಟು ದೂರ ಅದುವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ.

ಆ ಗಾಡಿಗೆ ಸೆಲ್ಫ್ ಸ್ಟಾರ್ಟರ್ ಇರಲಿಲ್ಲ. ಹಿಂದೆ ಮಲಗಿಸಿದಂತೆ ಜೋಡಿಸಿದ್ದ ದೊಡ್ಡ ಕಬ್ಬಿಣದ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಬೇಕು. ಏಕೆ ಗೊತ್ತೇ? ಎಂಜಿನ್ ತಾನಾಗಿ ಶುರುವಾಗದು. ಅದರೊಳಗಿನ ಪಿಸ್ಟನ್ ಒಮ್ಮೆಯಾದರೂ ಹಿಂದೆ ಮುಂದೆ ಚಲಿಸಿ, ಇಂಧನದ ಆವಿ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಎಳೆದುಕೊಳ್ಳಬೇಕು. ಆಮೇಲೆ ಅದನ್ನು ಅದುಮಬೇಕು. ಸರಿಯಾಗಿ ಆ ಹೊತ್ತಿಗೆ ಒಂದು ವಿದ್ಯುತ್ ಕಿಡಿ ಹಾರಬೇಕು. ಆಗ ಮಿಶ್ರಣ ಉರಿದು, ಬಿಸಿ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಮೊದಲ ಸುತ್ತನ್ನು ನಾವು ತಿರುಗಿಸಿಕೊಡಬೇಕು, ಮುಂದಿನದನ್ನು ಎಂಜಿನ್ ನೋಡಿಕೊಳ್ಳುತ್ತದೆ. ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಬಂಪರಿನ ನಡುವೆ ಒಂದು ತೂತು ಇರುವುದನ್ನು ಗಮನಿಸಿದ್ದೀರಾ? ಬ್ಯಾಟರಿ ಇಳಿದುಹೋದರೆ ಅದರೊಳಗೆ ಹ್ಯಾಂಡಲ್ ತೂರಿಸಿ ಎಂಜಿನ್ ತಿರುಗಿಸಲಿಕ್ಕೆ ಅದು. ಆ ಹ್ಯಾಂಡಲ್ ಕೆಲವೊಮ್ಮೆ ಹಿಂದಕ್ಕೆ ಒದ್ದು ಜನರ ಕೈ ಮುರಿದದ್ದೂ ಇದೆ. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಈ ಅಪಾಯ ಕಡಿಮೆಯಾಗುತ್ತ ಬಂತು.

ಬರ್ತಾ ಮತ್ತು ಮಕ್ಕಳ ಪ್ರಯಾಣಕ್ಕೆ ಮರಳೋಣ. ಮೊದಲ ತೊಂದರೆ ನೀರಿನದು. ಎಂಜಿನ್ ಕಾದಾಗ ಅದರ ಸುತ್ತಲಿನ ನೀರು ಕುದಿದು ಆವಿಯಾಗಿ ಶಾಖವನ್ನು ಒಯ್ಯುತ್ತಿತ್ತು. ಮಡಕೆಯ ನೀರು ತಂಪಾಗುವುದೂ ಆವಿಯಾಗುವಿಕೆಯಿಂದಲೇ ಎಂದು ನೀವು ಓದಿದ್ದೀರಿ. ಆದರೆ ಇಲ್ಲಿ ಆವಿಯಾದ ನೀರು ಮರಳಿ ಬರುತ್ತಿರಲಿಲ್ಲ. ಆದ್ದರಿಂದ ಬಾವಿ, ಹಳ್ಳ, ಹೋಟೆಲು ಎಲ್ಲಿ ನೀರು ಕಂಡರೆ ಅಲ್ಲಿ ನಿಲ್ಲಿಸಿ ತುಂಬಿಸಿಕೊಳ್ಳಬೇಕಾಯಿತು. ಇಂದಿನ ಕಾರಿನಲ್ಲಿ ಬಿಸಿನೀರು ರೇಡಿಯೇಟರಿಗೆ ಹೋಗಿ ತಣಿದು ಮರಳಿ ಬರುತ್ತದೆ. ಅದರಲ್ಲಿ ನೀರು ಕಡಿಮೆಯಾದರೆ ಎಂಜಿನ್ ಇವತ್ತಿಗೂ ಕುದಿಯುತ್ತದೆ. ಆಗ ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆಗೆಯಬಾರದು. ಒತ್ತಡದಲ್ಲಿರುವ ಬಿಸಿನೀರು ಮುಖಕ್ಕೇ ಚಿಮ್ಮುತ್ತದೆ. ಇದನ್ನು ಮರೆಯಬೇಡಿ, ಮನೆಯ ದೊಡ್ಡವರಿಗೂ ಹೇಳಿ.

ಮುಂದೆ ಇಂಧನ ತೀರುತ್ತ ಬಂತು. ಗಾಡಿ ಓಡುತ್ತಿದ್ದುದು ಲಿಗ್ರೋಯಿನ್ ಎಂಬ, ಬೇಗ ಆವಿಯಾಗುವ ಪೆಟ್ರೋಲಿಯಂ ದ್ರವದಿಂದ. ಜನ ಬಟ್ಟೆಯ ಕಲೆ ತೆಗೆಯಲು ಅದನ್ನು ಬಳಸುತ್ತಿದ್ದರು. ಅದು ಸಿಗುತ್ತಿದ್ದುದು ಔಷಧಿ ಅಂಗಡಿಯಲ್ಲಿ! ಬರ್ತಾ ವೀಸ್‌ಲೋಹ್ ಎಂಬ ಊರಿನ ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಲಿಗ್ರೋಯಿನ್ ಕೊಂಡರು. ಒಂದೆರಡು ಕಲೆ ತೆಗೆಯಲು ಅಷ್ಟೊಂದು ಏಕೆ ಎಂದು ಅಂಗಡಿಯವರಿಗೆ ಆಶ್ಚರ್ಯವಾಗಿರಬೇಕು.

ಮತ್ತೆ ದಾರಿಯಲ್ಲಿ ಎಂಜಿನ್ ಕೆಮ್ಮಿದಂತೆ ಶಬ್ದ ಮಾಡಿ ನಿಂತಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ ಮಕ್ಕಳೇ. ನೀವಾಗಿದ್ದರೆ ಎಲ್ಲಿಂದ ಶುರುಮಾಡುತ್ತಿದ್ದಿರಿ? ಎಂಜಿನ್ ಓಡಲು ಇಂಧನ ಬೇಕು, ಗಾಳಿ ಬೇಕು, ಕಿಡಿ ಬೇಕು. ಮೂರರಲ್ಲಿ ಯಾವುದು ಬರುತ್ತಿಲ್ಲ? ಸುಮ್ಮನೆ ಎಲ್ಲವನ್ನೂ ಬಿಚ್ಚಿದರೆ ಗೊಂದಲ ಹೆಚ್ಚುತ್ತದೆ. ಒಂದೊಂದನ್ನೇ ನೋಡುತ್ತ ಬರಬೇಕು. ಇಂಧನವಿದೆ, ಆದರೆ ಎಂಜಿನ್ನಿಗೆ ಹೋಗುತ್ತಿಲ್ಲ ಎಂಬುದು ಬರ್ತಾಗೆ ತಿಳಿಯಿತು. ಸಣ್ಣ ಕೊಳವೆಯಲ್ಲಿ ಕಸ ಸಿಕ್ಕಿಕೊಂಡಿತ್ತು. ಅಂದಿನ ಹೆಂಗಸರು ತಲೆಯ ಮೇಲೆ ಟೋಪಿ ಗಟ್ಟಿಯಾಗಿ ನಿಲ್ಲಲೆಂದು ಉದ್ದನೆಯ ಪಿನ್ನು ಸಿಕ್ಕಿಸುತ್ತಿದ್ದರು. ಬರ್ತಾ ಆ ಪಿನ್ನನ್ನು ತೆಗೆದು ಕೊಳವೆಯೊಳಗೆ ತೂರಿಸಿ ಕಸ ತೆಗೆದರು. ಗಾಡಿ ಹೊರಟಿತು.

ಕಾರ್ಬುರೇಟರ್ ಇರುವ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಈ ತೊಂದರೆ ಇಂದಿಗೂ ಉಂಟು. ಟ್ಯಾಂಕಿನ ತಳದ ತುಕ್ಕು, ಧೂಳು ಬಂದು ಫಿಲ್ಟರಿನಲ್ಲೋ ಜೆಟ್ ಎಂಬ ಸಣ್ಣ ರಂಧ್ರದಲ್ಲೋ ಕೂರುತ್ತದೆ. ಕಾರು ಸ್ವಲ್ಪ ದೂರ ಓಡಿ, ಎಳೆಯುವ ಶಕ್ತಿ ಕಡಿಮೆಯಾಗಿ, ಜಗ್ಗಾಡಿ ನಿಲ್ಲುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೊಂದು ತಮಾಷೆ ನೋಡಬಹುದು. ಕೊಳವೆಯಲ್ಲಿ ಕಸ ಇರುವುದಿಲ್ಲ, ಟ್ಯಾಂಕಿನಲ್ಲಿ ಪೆಟ್ರೋಲು ಇರುತ್ತದೆ, ಆದರೂ ಮಟಮಟ ಮಧ್ಯಾಹ್ನ ಕಾರು ನಿಂತುಬಿಡುತ್ತದೆ. ಬಿಸಿಲಿಗೂ ಎಂಜಿನ್ನಿನ ಕಾವಿಗೂ ಕೊಳವೆಯೊಳಗಿನ ಪೆಟ್ರೋಲೇ ಆವಿಯಾಗಿ ಗುಳ್ಳೆ ಕಟ್ಟಿರುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನು ತಳ್ಳಲಾರದು. ಅನುಭವಿ ಡ್ರೈವರುಗಳು ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ನೆರಳಿನಲ್ಲಿ ಚಹಾ ಕುಡಿಯುತ್ತ ಕಾಯುತ್ತಿದ್ದರು. ಬಟ್ಟೆಯ ನೀರು ಆವಿಯಾಗುತ್ತ ಪಂಪನ್ನು ತಣಿಸುತ್ತದೆ, ಗುಳ್ಳೆಯ ಆವಿ ಮತ್ತೆ ದ್ರವವಾಗುತ್ತದೆ. ಬೀದರಿನ ಡಿಸೆಂಬರ್ ಚಳಿಯಲ್ಲಿ ಇದಕ್ಕೆ ವಿರುದ್ಧ. ತಣ್ಣನೆಯ ಪೆಟ್ರೋಲು ಸರಿಯಾಗಿ ಆವಿಯಾಗದೆ ಎಂಜಿನ್ ಹಿಡಿಯುವುದಿಲ್ಲ. ಅದಕ್ಕಾಗಿ ಚೋಕ್ ಎಳೆದು ಗಾಳಿಯನ್ನು ಕಡಿಮೆ ಮಾಡಿ, ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತಾರೆ. ಅತಿಯಾಗಿ ಎಳೆದರೆ ಪ್ಲಗ್ಗೇ ಪೆಟ್ರೋಲಿನಲ್ಲಿ ನೆನೆದು ಕಿಡಿ ಹಾರುವುದಿಲ್ಲ. ಆಗ ಚೋಕ್ ಒಳಗೆ ತಳ್ಳಿ ಸ್ವಲ್ಪ ಹೊತ್ತು ಕಾಯುವುದೇ ಮದ್ದು.

ಬರ್ತಾ ಅವರ ಗಾಡಿ ಇನ್ನೊಮ್ಮೆ ನಿಂತಿತು. ಈ ಸಲ ಇಂಧನ ಸರಿಯಾಗಿಯೇ ಹೋಗುತ್ತಿತ್ತು. ಹಾಗಾದರೆ ಉಳಿದದ್ದು ಕಿಡಿ. ಕಿಡಿಗೆ ವಿದ್ಯುತ್ ಒಯ್ಯುವ ತಂತಿಯನ್ನು ಹುಡುಕುತ್ತ ಹೋದಾಗ, ಅದರ ಹೊದಿಕೆ ಉಜ್ಜಿ ಸವೆದು ತಂತಿ ಬರಿದಾಗಿರುವುದು ಕಂಡಿತು. ಬರಿಯ ತಂತಿ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಏನಾಗುತ್ತದೆ? ಕಬ್ಬಿಣ ವಿದ್ಯುತ್ ವಾಹಕ. ವಿದ್ಯುತ್ ಪ್ಲಗ್ಗಿನವರೆಗೆ ಹೋಗದೆ ಆ ಅಡ್ಡದಾರಿಯಲ್ಲೇ ಹರಿದುಹೋಗುತ್ತದೆ. ಅದನ್ನು ತಡೆಯಲು ಅವಾಹಕ ಬೇಕು. ನಿರ್ಜನ ದಾರಿಯಲ್ಲಿ ಅವಾಹಕ ಎಲ್ಲಿಂದ ತರುವುದು? ಕಾಲುಚೀಲ ಜಾರದಂತೆ ಕಟ್ಟಿಕೊಂಡಿದ್ದ ಹಿಗ್ಗುವ ಪಟ್ಟಿಯನ್ನು ಬರ್ತಾ ಬಿಚ್ಚಿ ತಂತಿಗೆ ಸುತ್ತಿದರು. ಕಿಡಿ ಹಾರಿತು.

ಈಗ ಚಿಂತಾಕಿಯ ಅಂಬಾಸಿಡರ್ ನೆನಪಿಸಿಕೊಳ್ಳಿ. ಡ್ರೈವರ್ ಚಾಚಾ ಒರೆಸಿದ ಕಪ್ಪು ಮುಚ್ಚಳದ ಹೆಸರು ಡಿಸ್ಟ್ರಿಬ್ಯೂಟರ್ ಕ್ಯಾಪ್. ಕಾಯಿಲಿನಿಂದ ಬರುವ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಹಂಚುವುದು ಅದರ ಕೆಲಸ. ಮಳೆಯ ತೇವ ಒಳಗೆ ಸೇರಿದರೆ, ತೇವ ಮತ್ತು ಕೊಳೆಯ ತೆಳುವಾದ ಪದರವೇ ಅಡ್ಡದಾರಿಯಾಗುತ್ತದೆ. ಪ್ಲಗ್ಗಿಗೆ ಕಿಡಿ ಇಲ್ಲ. 1888ರಲ್ಲಿ ಜರ್ಮನಿಯಲ್ಲಿ ಬರ್ತಾ ಕಂಡ ದೋಷವೂ, ನಿಮ್ಮ ಶಾಲೆಯ ಅಂಗಳದಲ್ಲಿ ನಾವು ಕಂಡ ದೋಷವೂ ಒಂದೇ! ಚಾಚಾ ಹೇಗೆ ನೇರವಾಗಿ ಅಲ್ಲಿಗೇ ಕೈ ಹಾಕಿದರು ಎಂದು ಆಮೇಲೆ ಕೇಳಿದೆ. ಹಾರ್ನ್ ಜೋರಾಗಿ ಬಾರಿಸುತ್ತಿತ್ತು, ಸೆಲ್ಫ್ ಚೆನ್ನಾಗಿ ತಿರುಗುತ್ತಿತ್ತು, ಆದ್ದರಿಂದ ಬ್ಯಾಟರಿಯ ದೋಷವಲ್ಲ. ಪೆಟ್ರೋಲಿನ ವಾಸನೆ ಬರುತ್ತಿತ್ತು, ಆದ್ದರಿಂದ ಇಂಧನ ಬರುತ್ತಿದೆ. ಮಳೆ ಈಗಷ್ಟೇ ಸುರಿದಿದೆ ಎಂದು ಲೆಕ್ಕ ಹಾಕಿದರಂತೆ. ಸೆಲ್ಫ್ ತಿರುಗದೆ ಬರೀ ಟಕ್ ಟಕ್ ಎಂದಿದ್ದರೆ ಅವರು ಮೊದಲು ಬ್ಯಾಟರಿಯ ಟರ್ಮಿನಲ್ಲುಗಳನ್ನು ನೋಡುತ್ತಿದ್ದರು. ಅಲ್ಲಿ ಬಿಳಿ ಹಸಿರು ಪುಡಿ ಕಟ್ಟಿಕೊಂಡರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಅಂದಹಾಗೆ, ನಮ್ಮ ಊರುಗಳಲ್ಲಿ ಓಡುವ ಹಳೆಯ ಜೀಪುಗಳಲ್ಲಿ ಹೆಚ್ಚಿನವು ಡೀಸೆಲಿನವು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಬರುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅಲ್ಲಿ ಈ ಮುಚ್ಚಳ ಹುಡುಕಿದರೆ ಸಿಗದು.

ತೊಂದರೆಗಳು ಇನ್ನೂ ಮುಗಿದಿರಲಿಲ್ಲ. ಗಾಲಿಗಳನ್ನು ತಿರುಗಿಸುವ ಚೈನು ಸಡಿಲವಾಯಿತು. ದಾರಿಯ ಊರಿನ ಕಮ್ಮಾರರೊಬ್ಬರು ಸರಿಮಾಡಿಕೊಟ್ಟರು. ಏರು ಬಂದಾಗ ಎಂಜಿನ್ನಿನ ಶಕ್ತಿ ಸಾಲದೆ ಮಕ್ಕಳು ಇಳಿದು ತಳ್ಳಿದರು. ಇಳಿಜಾರು ಇನ್ನೂ ಅಪಾಯಕರ. ಬ್ರೇಕ್ ಎಂದರೆ ಗಾಲಿಗೆ ಒತ್ತುವ ಮರದ ತುಂಡು. ಅದು ಸವೆದು ಹಿಡಿತ ತಪ್ಪುತ್ತಿತ್ತು. ಬರ್ತಾ ಚಪ್ಪಲಿ ಹೊಲಿಯುವವರೊಬ್ಬರ ಬಳಿ ಗಾಡಿ ನಿಲ್ಲಿಸಿ, ಆ ಮರದ ತುಂಡುಗಳಿಗೆ ಚರ್ಮ ಹೊಡೆಸಿದರು. ಚರ್ಮದಿಂದ ಘರ್ಷಣೆ ಹೆಚ್ಚಿ ಗಾಡಿ ನಿಲ್ಲತೊಡಗಿತು. ಇಂದು ಕಾರು, ಬೈಕುಗಳಿಗೆಲ್ಲ ಬ್ರೇಕ್ ಲೈನರ್ ಹಾಕಿಸುತ್ತಾರಲ್ಲ, ಅದರ ಮೊದಲ ರೂಪ ಇದೇ.

ಕತ್ತಲಾಗುವ ಹೊತ್ತಿಗೆ ಧೂಳು, ಬೆವರು, ಎಣ್ಣೆ ಮೆತ್ತಿಕೊಂಡ ಮೂವರೂ ಫೋರ್ಟ್ಸ್‌ಹೈಮ್ ಮುಟ್ಟಿದರು. ಬರ್ತಾ ಕೂಡಲೇ ಗಂಡನಿಗೆ ತಂತಿ ಕಳಿಸಿದರು. ಕೆಲವು ದಿನ ತವರಿನಲ್ಲಿದ್ದು ಬೇರೊಂದು ದಾರಿಯಿಂದ ಅದೇ ಗಾಡಿಯಲ್ಲಿ ಮರಳಿದರು. ಬಂದವರು ದಾರಿಯಲ್ಲಿ ಕಂಡ ಕೊರತೆಗಳನ್ನೆಲ್ಲ ಕಾರ್ಲ್ ಅವರಿಗೆ ತಿಳಿಸಿದರು. ಏರು ಹತ್ತಲು ಇನ್ನೊಂದು ಗೇರು ಬೇಕು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಕಾರ್ಲ್ ಅದನ್ನು ಅಳವಡಿಸಿದರು. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಅವರ ಗಾಡಿಗೆ ಚಿನ್ನದ ಪದಕ ಬಂತು. ಮೆಲ್ಲಗೆ ಕೊಳ್ಳುವವರೂ ಬಂದರು. 1899ರ ಹೊತ್ತಿಗೆ ಬೆಂಜ್ ಕಂಪನಿ ವರ್ಷಕ್ಕೆ 572 ಕಾರುಗಳನ್ನು ತಯಾರಿಸುತ್ತಿತ್ತು. ಆಗ ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಅದೇ.

ಬರ್ತಾ ಮತ್ತು ಕಾರ್ಲ್ ಅವರಿಗೆ ಐವರು ಮಕ್ಕಳು. ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ ಲಾಡೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಇನ್ನೂ 15 ವರ್ಷ ಬದುಕಿದ್ದರು. 1944ರ ಮೇ 3ರಂದು, ಅವರಿಗೆ 95 ವರ್ಷ ತುಂಬಿದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ನೀಡಿತು. ಅದು ಕಾರ್ಲ್ ಓದಿದ ಸಂಸ್ಥೆ. ಎರಡು ದಿನಗಳ ನಂತರ, ಮೇ 5ರಂದು, ಬರ್ತಾ ತೀರಿಕೊಂಡರು.

ಅವರು ಹೋಗಿಬಂದ ದಾರಿಗೆ 2008ರಲ್ಲಿ ಅವರ ಹೆಸರಿಟ್ಟು ಉದ್ದಕ್ಕೂ ಫಲಕಗಳನ್ನು ಹಾಕಿದ್ದಾರೆ. ವೀಸ್‌ಲೋಹ್ ಊರಿನವರು ತಮ್ಮ ಔಷಧಿ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಅದರ ಎದುರಿಗೆ ಬರ್ತಾ ಮತ್ತು ಅವರ ಗಾಡಿಯ ನೆನಪಿಗೆ ಒಂದು ಸ್ಮಾರಕವಿದೆ.